ಸೆರಗು ಹೊದ್ದ ಸವರನ್

ನನ್ನ ಮದುವೆ ಹತ್ತಿರ ಬಂದಿತ್ತು, ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಕೊತ್ತತ್ತಿಯ ನಮ್ಮ ಮನೆ ತುಂಬ ನೆಂಟರು, ಯಾರು ಏನಂದರೂ ನನಗೆ ನಗು. ಅಜ್ಜಿ ಬೀರುವಿನಿಂದ ತನ್ನ ಚಿನ್ನದ ಸವರನ್ ನಾಣ್ಯವನ್ನು ತೆಗೆದು, ಅರಿಶಿನದ ನೀರಲ್ಲಿ ತೊಳೆದು ಕುಂಕುಮ ಇಟ್ಟಳು. ಅದರ ಮೇಲೆ ತಲೆಗೆ ಸೆರಗು ಹೊದ್ದ ಹೆಂಗಸಿನ ಮುಖ. ಅಜ್ಜಿಯ ಲೆಕ್ಕದಲ್ಲಿ ಅದು ಸಾಕ್ಷಾತ್ ಮಹಾಲಕ್ಷ್ಮಿ. ನಮ್ಮ ಮನೆಯ ಹೆಣ್ಣುಮಕ್ಕಳೆಲ್ಲ ಧಾರೆಯ ಹೊತ್ತಿನಲ್ಲಿ ತೆಂಗಿನಕಾಯಿಯ ಜೊತೆ ಅದನ್ನು ಕೈಯಲ್ಲಿ ಹಿಡಿದವರೇ.

ನಾನು ಹೈಸ್ಕೂಲಿನಲ್ಲಿ ಇತಿಹಾಸ ಹೇಳುವವಳು, ಬಾಯಿ ಸುಮ್ಮನಿರಬೇಕಲ್ಲ! ಇದು ಲಕ್ಷ್ಮಿಯಲ್ಲ, ಬ್ರಿಟಿಷರ ರಾಣಿ, ಗಂಡ ತೀರಿಕೊಂಡ ಮೇಲೆ ಹೊದ್ದ ಮುಸುಕು ಇದು ಅಂದುಬಿಟ್ಟೆ. ಅಷ್ಟಕ್ಕೇ ಬಿಡದೆ ಹಿಂಬದಿಯ ಕುದುರೆಯ ಕಾಲ ಕೆಳಗಿನ ಪುಟ್ಟ ಅಕ್ಷರ ತೋರಿಸಿ, ಲಂಡನ್ನಿನಲ್ಲಲ್ಲ, ಸಿಡ್ನಿಯ ಟಂಕಸಾಲೆಯಲ್ಲಿ ಅಚ್ಚಾದದ್ದು, ಆಸ್ಟ್ರೇಲಿಯಾದಲ್ಲಿ ಅಗೆದ ಚಿನ್ನವನ್ನು ಅಲ್ಲೇ ನಾಣ್ಯ ಮಾಡುತ್ತಿದ್ದರು, ಅಲ್ಲಿಂದ ಹಡಗು ಹತ್ತಿ ನಮ್ಮ ದೇಶಕ್ಕೆ ಬಂತು ಅಂತ ಪಾಠವನ್ನೂ ಮಾಡಿದೆ.

ಟಂಕಸಾಲೆ ಯಾರಿಗೆ ಬೇಕಿತ್ತು? ನಮ್ಮ ಸೋದರತ್ತೆ ಕಾಫಿ ಲೋಟ ಕುಕ್ಕಿ ಎದ್ದಳು. ಗಂಡ ಸತ್ತವಳನ್ನು ಧಾರೆಗೆ ಇಡುವುದುಂಟೇ, ಬೇರೆ ಕಾಸು ತರಿಸಿ ಅಂತ ಒಂದೇ ಹಟ. ಅಜ್ಜಿ ನಾಣ್ಯವನ್ನು ಸೆರಗಿಗೆ ಗಂಟು ಹಾಕಿಕೊಂಡು ಹಿತ್ತಲಿಗೆ ಹೋದಳು. ನನಗೆ ಆಗ ಹೊಳೆಯಿತು. ತಾತ ಹೋದ ಮೇಲೆ ಅಜ್ಜಿ ಯಾರ ಮದುವೆಯಲ್ಲೂ ಧಾರೆ ಎರೆದಿರಲಿಲ್ಲ, ಕಂಬದ ಹಿಂದೆ ನಿಂತೇ ನೋಡುತ್ತಿದ್ದಳು.

ಹಿಂದೆಯೇ ಓಡಿದೆ. ಒಗೆಯುವ ಕಲ್ಲಿನ ಮೇಲೆ ಕೂತ ಅಜ್ಜಿಯ ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೆ ಅಂದುಕೊಂಡರೆ, ನಗುತ್ತಿದ್ದಾಳೆ!

"ಗಂಡ ಸತ್ತೋಳ್ಗೆ ಇಷ್ಟ್ ವರ್ಸ ಕುಂಕುಮ ಇಕ್ಕಿದ್ನಲ್ಲವ್ವ! ಅವ್ಳನ್ನ ಇಡ್ಕಂಡೋರೆಲ್ಲ ಚೆಂದಾಗೇ ಬಾಳ್ತಾವ್ರೆ ಕಣವ್ವ."

ಇಬ್ಬರಿಗೂ ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು.

"ಅಂಗಾರೆ ನೀನೂ ಬಾ ಅಜ್ಜಿ," ಅಂದೆ. "ಅಪ್ಪ ಅವ್ವ ಆದ್ಮೇಲೆ ನೀನೇ ದಾರೆ ಉಯ್ಯಿ."

ಅಜ್ಜಿಯ ನಗು ನಿಂತಿತು. ಸೆರಗಿನ ಗಂಟು ಬಿಚ್ಚಿ ನಾಣ್ಯವನ್ನು ನನ್ನ ಕೈಗೆ ಕೊಟ್ಟಳು.

ಮಂಡ್ಯದ ಛತ್ರದಲ್ಲಿ ಅಪ್ಪ ಅವ್ವ ಧಾರೆ ಎರೆದರು. ನಾನು ಕಂಬದ ಕಡೆ ನೋಡಿದೆ, ಅಲ್ಲಿ ಯಾರೂ ಇರಲಿಲ್ಲ. ಹಾಲಿನ ಚೊಂಬು ಹಿಡಿದು, ತಲೆ ತುಂಬ ಸೆರಗು ಹೊದ್ದು ಅಜ್ಜಿ ನನ್ನೆದುರಿಗೇ ನಿಂತಿದ್ದಳು. ಸೋದರತ್ತೆ ಏನೋ ಅನ್ನಲು ಬಾಯಿ ತೆರೆದವಳು, ಅಜ್ಜಿಯ ಕೈಯಲ್ಲಿ ಚೊಂಬು ವಾಲುವುದನ್ನು ಕಂಡು ತಾನೂ ಕೈ ಕೊಟ್ಟಳು. ತಣ್ಣನೆಯ ಹಾಲು ಆ ನಾಣ್ಯ ಹಿಡಿದ ನನ್ನ ಬೆರಳ ಸಂದಿಯಲ್ಲಿ ಇಳಿಯಿತು. ನಾನು ಜೋರಾಗಿ ನಕ್ಕೆ. ಈ ಹೆಣ್ಣಿಗೆ ನಾಚಿಕೆಯೇ ಇಲ್ಲ ಅಂದರಂತೆ ಗಂಡಿನ ಕಡೆಯವರು.

ಜಾಗ ಬಿಡಿ ಅಂತ ಫೋಟೋದವನು ಎಷ್ಟು ಹೇಳಿದರೂ ಅಜ್ಜಿ ಸ್ಟೇಜಿನಿಂದ ಇಳಿಯಲಿಲ್ಲ.