ಅತ್ತೆ ಸೊಸೆ ಸೇರಿ ಇಳಿಸಿದ ಹದಿನೆಂಟು ಕೆ.ಜಿ.

ಕುಣಿಗಲ್ಲಿನ ಕಲ್ಯಾಣ ಮಂಟಪವೊಂದರಲ್ಲಿ ನಾನು ಕೂತಿದ್ದ ಪ್ಲಾಸ್ಟಿಕ್ ಕುರ್ಚಿ ಮುರಿದುಬಿತ್ತು.

ನಮ್ಮ ಚಿಕ್ಕಪ್ಪನ ಮಗಳ ಮದುವೆ. ಧಾರೆ ಮುಗಿದಿತ್ತು. ವಾಲಗದವರು ಉಸಿರು ತೆಗೆದುಕೊಳ್ಳಲು ಅರ್ಧ ನಿಮಿಷ ನಿಲ್ಲಿಸಿದ್ದರು. ಸರಿಯಾಗಿ ಆ ಅರ್ಧ ನಿಮಿಷದಲ್ಲೇ ಕುರ್ಚಿಯ ಹಿಂದಿನ ಕಾಲು ಪಟ್ ಎಂದಿತು. ನಾನು ನೆಲದ ಮೇಲಿದ್ದೆ. ಇಡೀ ಮಂಟಪ ತಿರುಗಿ ನೋಡಿತು. ಮೊದಲು ನಕ್ಕವಳು ನಾನೇ. ನಾನು ನಕ್ಕರೆ ಬೇರೆಯವರು ನಕ್ಕಿದ್ದು ಅಷ್ಟಾಗಿ ಚುಚ್ಚುವುದಿಲ್ಲ ಎಂಬುದು ಹೈಸ್ಕೂಲಿನಿಂದ ಕಲಿತ ವಿದ್ಯೆ. ಎಬ್ಬಿಸಲು ಮೂರು ಜನ ಬೇಕಾದರು. ಎದ್ದ ಮೇಲೆ ನೋಡಿದರೆ ಮುರಿದ ಪ್ಲಾಸ್ಟಿಕ್ಕಿನ ಚೂಪು ಎಡಗಾಲಿನ ಮುಂಭಾಗಕ್ಕೆ ತಾಗಿ ಒಂದು ಇಂಚಿನಷ್ಟು ಗೀರಾಗಿತ್ತು. ಅರಿಶಿನ ಹಚ್ಚಿಕೊಂಡು ಊಟಕ್ಕೆ ಕೂತೆ. ಎರಡು ಒಬ್ಬಟ್ಟು ತಿಂದೆ. ನಾಚಿಕೆಗೆ ಇನ್ನೊಂದನ್ನೂ ಹಾಕಿಸಿಕೊಂಡೆ.

ಮೂರು ವಾರವಾದರೂ ಗಾಯ ಮಾಯಲಿಲ್ಲ.

ಆಗ ನನಗೆ ಮೂವತ್ತೇಳು ವರ್ಷ. ತುಮಕೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದೆ. ತೊಂಬತ್ತರ ದಶಕದ ಕೊನೆ. ಮೊಬೈಲ್ ಇನ್ನೂ ನಮ್ಮೂರಿಗೆ ಸರಿಯಾಗಿ ಬಂದಿರಲಿಲ್ಲ. ಕಿವಿಗೆ ಹೆಡ್‌ಸೆಟ್ ಹಾಕಿಕೊಂಡು ಕೂತರೆ ಊಟದವರೆಗೆ ಏಳುವ ಹಾಗಿಲ್ಲ. ಬಾಯಿಗೆ ಎರಡೇ ಕೆಲಸ. ಒಂದು, "ನಂಬರ್ ಹೇಳಿ" ಎನ್ನುವುದು. ಇನ್ನೊಂದು, ಮೇಜಿನ ಡ್ರಾಯರಿನಲ್ಲಿದ್ದ ನಿಪ್ಪಟ್ಟು, ಕೋಡುಬಳೆ ಅಗಿಯುವುದು. ತೂಕ ಎಷ್ಟಿತ್ತು ಅಂತ ನನಗೇ ಗೊತ್ತಿರಲಿಲ್ಲ. ತೂಕದ ಮೆಷಿನ್ ಕಂಡರೆ ಆಚೆ ಪಕ್ಕದ ಫುಟ್‌ಪಾತಿಗೆ ದಾಟುತ್ತಿದ್ದೆ.

ಗಾಯ ನೋಡಿದ ಲೇಡಿ ಡಾಕ್ಟರ್ ಡ್ರೆಸ್ಸಿಂಗ್ ಮಾಡುವ ಮೊದಲೇ ಬ್ಲಡ್ ಟೆಸ್ಟಿಗೆ ಬರೆದರು. ಮಾರನೆಯ ದಿನ ರಿಪೋರ್ಟ್ ಮೇಲೆ ಕಣ್ಣಾಡಿಸಿ, "ನಿಮ್ಮ ಮನೇಲಿ ಯಾರಿಗಾದ್ರೂ ಶುಗರ್ ಇತ್ತಾ?" ಅಂದರು.

"ನಮ್ಮ ಅಪ್ಪನಿಗೆ."

"ಹೇಗಿದ್ದಾರೆ?"

"ಹೋಗ್ಬಿಟ್ರು ಮೇಡಂ. ಅದಕ್ಕೂ ಮುಂಚೆ ಒಂದು ಕಾಲು ತೆಗೆದಿದ್ರು."

ಹೇಳಿದ ಮೇಲೆ ಆ ಮಾತು ನನ್ನ ಕಿವಿಗೇ ಕೇಳಿಸಿತು. ಅಪ್ಪನದೂ ಎಡಗಾಲೇ.

ಡಾಕ್ಟರ್ ನನ್ನನ್ನು ಮೆಷಿನ್ ಮೇಲೆ ನಿಲ್ಲಿಸಿದರು. ಮುಳ್ಳು ತೊಂಬತ್ತೊಂದರಲ್ಲಿ ನಿಂತಿತು. ಬಿ.ಪಿ.ಯೂ ಜಾಸ್ತಿ ಇತ್ತು. ಮಾತ್ರೆ ಬರೆದುಕೊಟ್ಟರು, ಡ್ರೆಸ್ಸಿಂಗ್ ಮಾಡಿಸಿದರು. ನಾನು ಕಣ್ಣೊರೆಸಿಕೊಂಡು ವೀರಾವೇಶದಿಂದ ಹೇಳಿದೆ, "ಮೇಡಂ, ನಾಳೆಯಿಂದ ಅನ್ನ ಬಿಡ್ತೀನಿ, ಸಿಹಿ ಬಿಡ್ತೀನಿ, ರಾತ್ರಿ ಊಟಾನೇ ಬಿಡ್ತೀನಿ. ದಿನಾ ಹತ್ತು ಕಿಲೋಮೀಟರ್ ನಡೀತೀನಿ."

ಅವರು ಪೆನ್ನು ಕೆಳಗಿಟ್ಟರು. "ಹತ್ತು ದಿನ ಮಾಡಿ ಬಿಡೋದೆಲ್ಲ ಬೇಡ ಗಿರಿಜಮ್ಮ. ಹತ್ತು ವರ್ಷ ಮಾಡೋಕೆ ಆಗೋದೇನು, ಅದನ್ನ ಯೋಚನೆ ಮಾಡಿ ಹೇಳಿ."

ಅದಕ್ಕೂ ಮೊದಲು ಎರಡು ಸಲ ನಾನು ತೂಕ ಇಳಿಸಿದ್ದೆ. ಒಮ್ಮೆ ಬರೀ ಸೌತೆಕಾಯಿ ಮಜ್ಜಿಗೆಯಲ್ಲಿ, ಇನ್ನೊಮ್ಮೆ ಯಾರೋ ಮನೆಗೆ ತಂದು ಮಾರಿದ ಪುಡಿಯಲ್ಲಿ. ಎರಡು ಸಲವೂ ಇಳಿದದ್ದೆಲ್ಲ ವಾಪಸ್ ಬಂತು, ಜೊತೆಗೆ ನೆಂಟರನ್ನೂ ಕರೆದುಕೊಂಡು ಬಂತು. ಬಹಳ ಯೋಚಿಸಿ ಹೇಳಿದೆ, "ಡ್ರಾಯರಿನಲ್ಲಿರೋ ನಿಪ್ಪಟ್ಟು ಬಿಡಬಹುದು. ಆಮೇಲೆ, ಮನೆಗೆ ಹೋಗುವಾಗ ಒಂದು ಸ್ಟಾಪ್ ಮುಂಚೆ ಬಸ್ ಇಳಿದು ನಡೀಬಹುದು."

"ಸದ್ಯಕ್ಕೆ ಅಷ್ಟು ಸಾಕು," ಅಂದರು.

ಅಷ್ಟೇನಾ ಅನ್ನಿಸಿತು. ಆದರೆ ಆ ಒಂದು ಸ್ಟಾಪ್ ನಡೆಯಲು ಮೊದಲ ದಿನ ನಾನು ನಾಲ್ಕು ಕಡೆ ನಿಂತೆ. ಒಂದು ಕಡೆ ಬಳೆ ಅಂಗಡಿ ನೋಡುವವಳ ಹಾಗೆ, ಇನ್ನೊಂದು ಕಡೆ ಯಾರನ್ನೋ ಕಾಯುವವಳ ಹಾಗೆ.

ಹೊರಗಿನ ಕಷ್ಟ ಹೀಗಾದರೆ ಮನೆಯೊಳಗೆ ನಮ್ಮ ಅತ್ತೆ ನಂಜಮ್ಮನವರಿದ್ದರು.

ಅತ್ತೆ ಕುಣಿಗಲ್ ಕಡೆಯ ಹಳ್ಳಿಯವರು. ಮಾವ ಹೋದ ಮೇಲೆ ನಮ್ಮ ಜೊತೆ ತುಮಕೂರಿಗೆ ಬಂದಿದ್ದರು. ನಾನು ಕೆಲಸಕ್ಕೆ ಹೋಗುವವಳಾದ್ದರಿಂದ ಅಡುಗೆಮನೆ ಅವರದೇ. ಕೈ ಬಹಳ ದೊಡ್ಡದು. ಮುದ್ದೆಯ ಪಕ್ಕ ಒಂದು ಚಮಚ ತುಪ್ಪ ಸಾಲದು, ಗುಂಡಿ ತೋಡಿ ಸುರಿಯಬೇಕು. ಸಾಯಂಕಾಲ ನಾನು ಬರುವ ಹೊತ್ತಿಗೆ ಬಾಣಲೆಯಲ್ಲಿ ಏನಾದರೂ ಒಂದು ಕರಿಯುತ್ತಲೇ ಇರುತ್ತಿತ್ತು. ಸೊಸೆಯನ್ನು ಚೆನ್ನಾಗಿ ನೋಡಿಕೊಳ್ಳುತ್ತೇನೆ ಅಂತ ಅವರು ಬಾಯಿಬಿಟ್ಟು ಯಾವತ್ತೂ ಹೇಳಿದವರಲ್ಲ. ತಟ್ಟೆಗೆ ಹಾಕಿ ತೋರಿಸುತ್ತಿದ್ದರು.

ನಾನು ಬಜ್ಜಿ ಬೇಡ ಅಂದ ದಿನ ಅತ್ತೆಯ ಮುಖ ಸಪ್ಪಗಾಯಿತು. "ಮುದ್ದೆ ಉಣ್ಣೋರ್ಗೆ ಸಕ್ಕರೆ ಕಾಯ್ಲೆ ಬರಾಕಿಲ್ಲ ಬುಡು. ಆ ಡಾಕ್ಟ್ರಮ್ಮಂಗೆ ಏನ್ ಗೊತ್ತು? ನನ್ನ ಅಡುಗೇನೇ ನಿಂಗೆ ಇಸ ಆಗೋಯ್ತಾ?"

ಎರಡು ದಿನ ಅವರೂ ಸರಿಯಾಗಿ ಉಣ್ಣಲಿಲ್ಲ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದ ನಮ್ಮ ಯಜಮಾನರು ತಾಯಿ ಹೆಂಡತಿಯ ನಡುವೆ ಕೂತು ಎರಡೂ ಕಡೆಯ ಬಜ್ಜಿ ತಾವೇ ತಿಂದು ಶಾಂತಿ ಕಾಪಾಡಿದರು. ಮೂರನೆಯ ದಿನ ನಾನು ಸೋತೆ. ಬಜ್ಜಿ ತಿಂದೆ. ಗಾಯ ಇನ್ನೂ ಹಸಿಯಾಗಿಯೇ ಇತ್ತು.

ಮುಂದಿನ ವಾರ ಇದನ್ನೆಲ್ಲ ಕೇಳಿದ ಡಾಕ್ಟರ್, "ಅಡುಗೆ ಮಾಡೋರನ್ನೇ ಕರ್ಕೊಂಡು ಬನ್ನಿ" ಅಂದರು. ಅತ್ತೆ ಹೊಸ ಸೀರೆ ಉಟ್ಟು, ಜಗಳಕ್ಕೆ ಸಿದ್ಧವಾಗಿಯೇ ಬಂದರು. ಡಾಕ್ಟರ್ ಅವರನ್ನು ಬೈಯಲಿಲ್ಲ. ಕುರ್ಚಿ ಎಳೆದು ಪಕ್ಕದಲ್ಲಿ ಕೂರಿಸಿಕೊಂಡು, "ಅಮ್ಮ, ನೀವು ಮದುವೆಯಾಗಿ ಬಂದ ಹೊಸದರಲ್ಲಿ ಮನೇಲಿ ಏನು ಅಡುಗೆ ಮಾಡ್ತಿದ್ರಿ?" ಅಂತ ಕೇಳಿದರು.

ಅತ್ತೆಗೆ ಈ ಪ್ರಶ್ನೆ ನಿರೀಕ್ಷೆಯಿರಲಿಲ್ಲ. "ಏನ್ ಮಾಡ್ತಿದ್ವಿ ತಾಯಿ... ಮುದ್ದೆ, ಬಸ್ಸಾರು. ಹುರುಳಿಕಾಳು, ಹೊಲದಲ್ಲಿ ಸಿಕ್ಕಿದ ಸೊಪ್ಪು. ಒಂದೀಟು ಮಜ್ಜಿಗೆ."

"ಒಬ್ಬಟ್ಟು?"

"ಯುಗಾದಿಗೆ. ಇಲ್ಲಾಂದ್ರೆ ಮದ್ವೆ ಮನೇಲಿ."

"ಕರಿದಿದ್ದು?"

"ಎಣ್ಣೆ ಎಲ್ಲಿತ್ತವ್ವ ಅಷ್ಟೊಂದು?" ಅಂದರು ಅತ್ತೆ. ನನ್ನ ಕಾಲಿನ ಬ್ಯಾಂಡೇಜನ್ನು ನೋಡಿದರು. ಆಮೇಲೆ ಮೆಲ್ಲಗೆ, "ಆಗ ಬೆಳಿಗ್ಗೆ ಎದ್ರೆ ಹೊಲಕ್ಕೆ ಒಂದು ಹರದಾರಿ ನಡೀತಿದ್ವಿ. ಈಗ ಕೂತಿರೋಳಿಗೆ ದಿನಾ ಹಬ್ಬ ಮಾಡಾಕ್ತಾ ಇವ್ನಿ" ಅಂದರು.

ಡಾಕ್ಟರ್ ನನ್ನ ಮುಂದಿನ ಡ್ರೆಸ್ಸಿಂಗಿನ ತಾರೀಖು ಬರೆದುಕೊಟ್ಟರು.

ಮನೆಗೆ ಬಂದ ಅತ್ತೆ ದೊಡ್ಡ ಬಾಣಲೆಯನ್ನು ತೊಳೆದು ಒರೆಸಿ ಅಟ್ಟಕ್ಕೆ ಹಾಕಿದರು. ಮಾರನೆಯ ಬೆಳಿಗ್ಗೆ ಮಾರ್ಕೆಟ್ಟಿಗೆ ಹೋಗಿ ದಂಟು, ಹೊನಗೊನೆ, ಕಿಲಕೀರೆ ಅಂತ ಐದು ತರಹದ ಸೊಪ್ಪು ತಂದರು. ಅಂದಿನಿಂದ ನನ್ನ ಮುದ್ದೆ ದೊಡ್ಡ ನಿಂಬೆಹಣ್ಣಿನಷ್ಟಾಯಿತು, ಸೊಪ್ಪು ಕಾಳಿನ ಪಲ್ಯ ಅರ್ಧ ತಟ್ಟೆಯಾಯಿತು. ತುಪ್ಪ ಅರ್ಧ ಚಮಚ, ಅದೂ ಅವರ ಕೈಯಿಂದಲೇ. ತಮ್ಮ ಅಡುಗೆಯನ್ನು ಯಾರೋ ಕಿತ್ತುಕೊಂಡರು ಎಂದು ಕೊರಗುತ್ತಿದ್ದವರು ಈಗ ನನ್ನ ಕಾಯಿಲೆಯನ್ನೇ ಕೈಗೆ ತೆಗೆದುಕೊಂಡಿದ್ದರು. ಎಕ್ಸ್‌ಚೇಂಜಿಗೆ ಡಬ್ಬಿಯಲ್ಲಿ ಹೆಸರುಕಾಳಿನ ಉಸಲಿ ಬರತೊಡಗಿತು. ಅಕ್ಕಪಕ್ಕದ ಸೀಟಿನವರು ಕೈ ಹಾಕಿ ಖಾಲಿ ಮಾಡುತ್ತಿದ್ದರಿಂದ ಡಬ್ಬಿ ದೊಡ್ಡದಾಯಿತು.

ನಡಿಗೆಗೂ ಅವರೇ ಹೊರಟರು. "ಒಬ್ಳೇ ಹೋದ್ರೆ ಅಂಗ್ಡಿ ಮುಂದೆ ನಿಂತ್ಕತೀಯ" ಅಂದರು. ಅವರಿಗೆ ಹೇಗೆ ಗೊತ್ತಾಯಿತೋ!

ಬೆಳಿಗ್ಗೆ ಐದೂವರೆಗೆ ನಮ್ಮ ಬಡಾವಣೆಯ ಹಿಂದಿನ ಕಾಲೇಜು ಮೈದಾನ. ಸೀರೆಗೆ ಕ್ಯಾನ್ವಾಸ್ ಶೂ ಹಾಕಿದ ನಾನು, ಕಚ್ಚೆ ಕಟ್ಟಿದವರ ಹಾಗೆ ಸೆರಗು ಬಿಗಿದ ಅತ್ತೆ. ಮೊದಲ ವಾರ ಮೈದಾನದಲ್ಲಿ ಓಡುತ್ತಿದ್ದ ಹುಡುಗರು ಮುಸಿಮುಸಿ ನಗುತ್ತಿದ್ದರು. ಅತ್ತೆ ಒಂದು ದಿನ ಅವರನ್ನು ನಿಲ್ಲಿಸಿ, "ಏನ್ಲಾ, ನಿಮ್ಮವ್ವನ್ನೂ ಕರ್ಕಂಡ್ ಬನ್ನಿ. ನಗಾಕಾದ್ರೂ ನಾಲ್ಕು ಜನ ಆಗ್ತೀವಿ" ಅಂದರು. ನಿಜಕ್ಕೂ ಇಬ್ಬರು ತಾಯಂದಿರು ಬಂದರು. ಅವರಲ್ಲೊಬ್ಬರು ಈಗಲೂ ನಮ್ಮ ಜೊತೆ ನಡೆಯುತ್ತಾರೆ.

ಗಾಯ ಎರಡು ತಿಂಗಳಿಗೆ ಮಾಯಿತು. ಅಲ್ಲಿ ಗುಲಾಬಿ ಬಣ್ಣದ ಹೊಸ ಚರ್ಮ ಬಂದ ದಿನ ಅತ್ತೆ ನನ್ನ ಕಾಲನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ನನ್ನ ಅಪ್ಪನನ್ನು ಆಸ್ಪತ್ರೆಯಲ್ಲಿ ಅವರೂ ನೋಡಿದ್ದರು. ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ನಾವಿಬ್ಬರೂ ಆ ವಿಷಯ ಮಾತಾಡಿರಲಿಲ್ಲ.

ತೂಕ ಮಾತ್ರ ಆಮೆಯಂತೆ ಇಳಿಯುತ್ತಿತ್ತು. ತಿಂಗಳಿಗೆ ಒಂದು ಕೆ.ಜಿ., ಒಮ್ಮೊಮ್ಮೆ ಒಂದೂವರೆ. ಎಂಬತ್ತಮೂರಕ್ಕೆ ಬಂದು ನಿಂತೇಬಿಟ್ಟಿತು. ಹತ್ತು ವಾರ ಮುಳ್ಳು ಅಲುಗಲಿಲ್ಲ. ನನಗೆ ಹಳೆಯ ಹುಚ್ಚು ಮರುಕಳಿಸಿತು. ಯಾರಿಗೂ ಹೇಳದೆ, ಮಾತ್ರೆ ನುಂಗಿ, ಡಬ್ಬಿಯನ್ನು ಪೂರ್ತಿ ಪಕ್ಕದವರಿಗೆ ಕೊಟ್ಟು ಉಪವಾಸ ಮಾಡಿದೆ.

ಎರಡನೆಯ ದಿನ ಎಕ್ಸ್‌ಚೇಂಜಿನ ಬೋರ್ಡಿನ ಮುಂದೆಯೇ ಕಣ್ಣು ಕತ್ತಲಾಯಿತು.

ಕೈ ನಡುಗಿತು, ಮೈಯೆಲ್ಲ ಬೆವರು. ಹೆಡ್‌ಸೆಟ್ಟಿನಲ್ಲಿ ಯಾರೋ ಗುಬ್ಬಿಯ ನಂಬರ್ ಕೇಳುತ್ತಿದ್ದರು, ನನ್ನ ಬಾಯಿಂದ ಮಾತು ಬರಲಿಲ್ಲ. ಸಹೋದ್ಯೋಗಿಯೊಬ್ಬರು ಸಕ್ಕರೆ ನೀರು ಕುಡಿಸಿ ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದರು. ಡಾಕ್ಟರ್ ಮೊದಲ ಸಲ ದನಿ ಏರಿಸಿದರು. "ಮಾತ್ರೆ ತಗೊಂಡು ಊಟ ಬಿಟ್ರೆ ಶುಗರ್ ಕೆಳಗೆ ಬೀಳುತ್ತೆ. ಪ್ರಾಣಕ್ಕೇ ಅಪಾಯ. ಎಂಟು ಕೆ.ಜಿ. ಇಳಿದು ನಿಂತಿದೆ, ವಾಪಸ್ ಏರಿಲ್ಲ. ಅದು ಸೋಲೇನ್ರೀ? ಏರದೇ ಇರೋದೇ ದೊಡ್ಡ ಕೆಲಸ."

ಅತ್ತೆ ಬಯ್ಯಲಿಲ್ಲ. ಮನೆಗೆ ಬಂದ ಮೇಲೆ ಮುದ್ದೆ ಮುರಿದು, ಸಾರಿಗೆ ಅದ್ದಿ, ತಾವೇ ನನ್ನ ಬಾಯಿಗಿಟ್ಟರು. "ನೀನು ಸಣ್ಣಾಗ್ದಿದ್ರೂ ಪರವಾಗಿಲ್ಲ ಕಣೇ. ಇರು."

ಆ ಎರಡಕ್ಷರಕ್ಕೆ ನಾನು ತುಂಬಾ ಅತ್ತುಬಿಟ್ಟೆ.

ಅಲ್ಲಿಂದಾಚೆ ತೂಕವನ್ನು ತಿಂಗಳಿಗೊಮ್ಮೆ ಮಾತ್ರ ನೋಡುವುದೆಂದು ನಿರ್ಧಾರವಾಯಿತು. ನಡಿಗೆಯನ್ನು ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆಗೆ ಏರಿಸಿದೆವು. ನಮ್ಮ ಯಜಮಾನರು ಒಂದು ಜೊತೆ ಇಟ್ಟಿಗೆಗೆ ಬಟ್ಟೆ ಸುತ್ತಿ, ಅವಕ್ಕೆ ಹೂವಿನ ಚಿತ್ರ ಬರೆದು, ಟಿ.ವಿ. ನೋಡುವಾಗ ಎತ್ತಿ ಇಳಿಸಲು ಕೊಟ್ಟರು. ಮದುವೆ ಮನೆಗಳಲ್ಲಿ ನಾನು ಒಬ್ಬಟ್ಟನ್ನು ಬೇಡ ಅನ್ನಲಿಲ್ಲ. ಒಂದು ಹಾಕಿಸಿಕೊಂಡು ನಿಧಾನವಾಗಿ, ಅಂಚಿನಿಂದ ಶುರುಮಾಡಿ, ಪೂರ್ತಿ ಸುಖಪಟ್ಟು ತಿಂದೆ. ಹಿಂದೆ ಮೂರು ತಿಂದಾಗಲೂ ಅಷ್ಟು ರುಚಿ ಗೊತ್ತಾಗಿರಲಿಲ್ಲ. ಬಡಿಸುವವರು ಎರಡನೆಯದಕ್ಕೆ ಬಲವಂತ ಮಾಡಿದರೆ ಎದುರು ಸಾಲಿನಿಂದ ಅತ್ತೆಯ ದನಿ ಬರುತ್ತಿತ್ತು, "ಏಯ್, ಅವ್ಳಿಗೆ ಬ್ಯಾಡ. ನಂಗಾಕು!"

ನಾಲ್ಕು ತಿಂಗಳ ನಂತರ ಮುಳ್ಳು ಮತ್ತೆ ಕೆಳಗಿಳಿಯತೊಡಗಿತು.

ಕುರ್ಚಿ ಮುರಿದು ಎರಡು ವರ್ಷವಾಗಿತ್ತು. ನಮ್ಮ ಆಫೀಸಿನ ಸ್ಪೋರ್ಟ್ಸ್ ಡೇ. ಪ್ರತಿ ವರ್ಷ ನಾನು ನೀರು, ಬಿಸ್ಕತ್ತು ಹಂಚುವ ಟೇಬಲ್ಲಿನ ಹಿಂದೆ ಇರುತ್ತಿದ್ದೆ. ಆ ವರ್ಷ ಮಹಿಳೆಯರ ನಡಿಗೆ ಸ್ಪರ್ಧೆಗೆ ನನ್ನ ಹೆಸರನ್ನು ಬರೆಸಿದ್ದರು. ಬರೆಸಿದ್ದು ಅತ್ತೆ, ನಮ್ಮ ಯಜಮಾನರ ಕೈಲಿ ಫೋನ್ ಮಾಡಿಸಿ. ಏಳು ಜನ ಸ್ಪರ್ಧಿಗಳು, ಮೈದಾನಕ್ಕೆ ಮೂರು ಸುತ್ತು. ನನಗಿಂತ ಹತ್ತು ವರ್ಷ ಚಿಕ್ಕವರೂ ಇದ್ದರು. ಮೊದಲ ಸುತ್ತಿನಲ್ಲಿ ನಾನು ಕೊನೆಯವಳು. ಎರಡನೆಯ ಸುತ್ತಿಗೆ ಚಿಕ್ಕವರಿಗೆ ಏದುಸಿರು ಬಂತು, ನನಗೆ ಬರಲಿಲ್ಲ. ನನಗೇ ಆಶ್ಚರ್ಯ. ಮೂರನೆಯ ಸುತ್ತಿನಲ್ಲಿ ಗೆರೆಯಾಚೆಯಿಂದ ಅತ್ತೆ ನನ್ನ ಜೊತೆಜೊತೆಗೇ ನಡೆಯುತ್ತಾ, "ಬೀಸು ಕೈನಾ! ಬೀಸು!" ಎಂದು ಕೂಗುತ್ತಿದ್ದರು. ಅಂಪೈರು, "ಅಜ್ಜಿ, ನೀವು ಹೊರಗಿರಿ" ಅಂದದ್ದು ಅವರಿಗೆ ಕೇಳಿಸಲೇ ಇಲ್ಲ.

ಎರಡನೆಯ ಬಹುಮಾನ. ಸ್ಟೀಲ್ ಹೂಜಿ. ಅತ್ತೆ ಅದನ್ನು ಸೊಂಟದ ಮೇಲಿಟ್ಟುಕೊಂಡು ಇಡೀ ಬೀದಿಗೆ ಕಾಣುವಂತೆ ಮನೆಗೆ ಬಂದರು.

ಈಗ ಅದೆಲ್ಲ ಶುರುವಾಗಿ ಆರು ವರ್ಷವಾಯಿತು. ಎಪ್ಪತ್ತಮೂರು ಕೆ.ಜಿ. ಇದ್ದೇನೆ. ತಮ್ಮನ ಮದುವೆ ಓಡಾಟದಲ್ಲಿ ನಡಿಗೆ ತಪ್ಪಿ ಮೂರು ಕೆ.ಜಿ. ಏರಿತ್ತು. ಗಾಬರಿಯಾಗಲಿಲ್ಲ, ಉಪವಾಸವನ್ನೂ ಮಾಡಲಿಲ್ಲ. ಮತ್ತೆ ಮೈದಾನಕ್ಕೆ ಹೋದೆ, ಐದು ತಿಂಗಳಿಗೆ ಇಳಿಯಿತು. ಶುಗರ್ ನನ್ನನ್ನು ಬಿಟ್ಟುಹೋಗಿಲ್ಲ, ಹೋಗುವುದೂ ಇಲ್ಲವೇನೋ. ಮೂರು ತಿಂಗಳಿಗೊಮ್ಮೆ ರಿಪೋರ್ಟ್ ಕೈಗೆ ಬರುವಾಗ ಈಗಲೂ ಹೆದರಿಕೆಯಾಗುತ್ತದೆ. ಪ್ರತಿದಿನ ಮಲಗುವ ಮುನ್ನ ಎರಡೂ ಪಾದಗಳನ್ನು ತಿರುಗಿಸಿ ನೋಡಿಕೊಳ್ಳುತ್ತೇನೆ. ಎರಡೂ ಇವೆ. ಅದು ಸಣ್ಣ ಮಾತಲ್ಲ.

ಕಳೆದ ತಿಂಗಳ ಚೆಕಪ್ಪಿಗೆ ಅತ್ತೆಯೂ ಬಂದಿದ್ದರು. ಡಾಕ್ಟರ್ ನನ್ನ ಮಾತ್ರೆಯನ್ನು ಅರ್ಧಕ್ಕಿಳಿಸಿದರು. ಅತ್ತೆಯ ಬಿ.ಪಿ. ನೋಡಿ, "ನಿಮ್ಮದು ನನಗಿಂತ ಚೆನ್ನಾಗಿದೆ" ಅಂದರು.

ಅತ್ತೆ ಸೆರಗು ಸರಿಮಾಡಿಕೊಂಡು ಗಂಭೀರವಾಗಿ ಕೇಳಿದರು, "ಡಾಕ್ಟ್ರಮ್ಮ, ಇನ್ನೂ ಎಷ್ಟು ದಿನ ನಡೀಬೇಕು ನಾವು?"

"ಕಾಲು ನಡೆಸೋವಷ್ಟು ದಿನ ಅಮ್ಮ."

ಅತ್ತೆ ತಮ್ಮ ಚಪ್ಪಲಿ ನೋಡಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ಹಂಗಾದ್ರೆ ನಂಗೂ ನಿನ್ನಂಗೇ ಶೂ ಕೊಡ್ಸು, ನಡಿ" ಅಂದರು.

ಹೊರಗೆ ಆಟೋದವನು ಎಲ್ಲಿಗಮ್ಮಾ ಅಂತ ಕೇಳಿದ. ಚಪ್ಪಲಿ ಅಂಗಡಿಗೆ ಅಂದೆ. ಹತ್ತಲಿಲ್ಲ. ಅತ್ತೆ ಆಗಲೇ ಮುಂದೆ ಹೋಗುತ್ತಿದ್ದರು.