ಬಿಸ್ಕತ್ತಿನ ಡಬ್ಬದ ಕೊಕ್ಕೆಗಳು

“ಗಾಳದ ಕೊಕ್ಕೆ ಆರಿಸೋದು ಅಂದ್ರೆ ಸುಮ್ನೆ ಅಲ್ಲ ಕಣೇ. ನಂಬರು ಜಾಸ್ತಿ ಆದಷ್ಟೂ ಕೊಕ್ಕೆ ಸಣ್ಣದಾಗುತ್ತೆ. ಮೊದಲು ಅದೇ ನನ್ನ ತಲೆಗೆ ಹೋಗ್ಲಿಲ್ಲ. ಹತ್ತನೇ ನಂಬರು ನಿನ್ನ ಮೂಗುಬೊಟ್ಟಿನಷ್ಟು ಇರುತ್ತೆ. ಅದನ್ನ ಕಟ್ಟಿದ್ರೆ ಬೆರಳುದ್ದದ ಮೀನುಮರಿಗಳೆಲ್ಲ ಬಂದು ಕಚ್ಚಿ, ಹೊಟ್ಟೆವರೆಗೂ ನುಂಗಿಬಿಡ್ತವೆ. ಅದಕ್ಕೇ ನಾನು ದೊಡ್ಡದೇ ಆರಿಸೋದು. ಮರಿಗಳ ಬಾಯಿಗೆ ಅದು ಹಿಡಿಯಲ್ಲ. ಆಮೇಲೆ ತುದಿ ನೆಟ್ಟಗಿರೋದು ಬೇಡ, ಉಂಗುರದ ಹಾಗೆ ಒಳಕ್ಕೆ ಬಾಗಿರಬೇಕು. ಅದು ಗಂಟಲಿಗೆ ಇಳಿಯಲ್ಲ, ತುಟಿ ಅಂಚಲ್ಲೇ ನಿಲ್ಲುತ್ತೆ. ತುದಿ ಹಿಂದೆ ಒಂದು ಮರಿಮುಳ್ಳು ಇದೆ ನೋಡು, ಅದನ್ನ ಇಕ್ಕಳದಲ್ಲಿ ಒತ್ತಿ ಮಟ್ಟ ಮಾಡ್ತೀನಿ. ಬೇಡದ ಮೀನನ್ನ ಬಿಡಿಸಿ ನೀರಿಗೆ ಹಾಕಿದ್ರೆ ಬದುಕಿಕೊಳ್ಳುತ್ತೆ. ಇಷ್ಟಾದ ಮೇಲೆ ನೈಲಾನ್ ದಾರ ಐದು ಸುತ್ತು ಸುತ್ತಿ, ಎಂಜಲು ಹಚ್ಚಿ ಬಿಗೀತೀನಿ. ಅಷ್ಟೇ ಕಣೇ ನಾನು ಮಾಡಿರೋದು. ನೀನು ಮೊದ್ಲು ಕೂತ್ಕೋ.”

ಮರುದೇವಿ ಕೂರಲಿಲ್ಲ. ಕೈಯಲ್ಲಿದ್ದ ಬಿಸ್ಕತ್ತಿನ ಡಬ್ಬವನ್ನು ಕೆಳಗಿಡುವುದೂ ಅವಳಿಗೆ ತೋಚಲಿಲ್ಲ. ಈ ಮಾತುಗಳನ್ನು ಆಡುತ್ತಿರುವುದು ಭರತೇಶನೇ ಏನು? ಕತ್ತಲಾದ ಮೇಲೆ ಒಂದು ತುತ್ತು ಬಾಯಿಗಿಡದ, ಗೆಡ್ಡೆಗೆಣಸು ಮುಟ್ಟದ, ಇರುವೆ ಸಾಲು ಕಂಡರೆ ಸುತ್ತಿಕೊಂಡು ಹೋಗುವ ತನ್ನ ಗಂಡನೇ? ನಲವತ್ತು ವರ್ಷ ಒಟ್ಟಿಗೆ ಬಾಳಿದ ಮೇಲೆ ಮುಖ ಅದೇ ಇದ್ದು ಮನುಷ್ಯ ಬದಲಾಗಿಬಿಟ್ಟ ಹಾಗಿತ್ತು.

ಭರತೇಶ ಹಾಸನದ ಕಡೆಯ ಜೈನರ ಮನೆಯವನು. ಬ್ಯಾಂಕಿನ ಕೆಲಸಕ್ಕೆಂದು ಮೊದಲು ವಿಶಾಖಪಟ್ಟಣದ ಬಂದರಿನ ಹತ್ತಿರದ ಶಾಖೆಗೆ ಬಂದ, ಅಲ್ಲಿಂದ ವಿಜಯವಾಡಕ್ಕೆ. ನಿವೃತ್ತಿಯಾದ ಮೇಲೂ ಅದೇ ಊರಿನ ಪಟಮಟ ಬಡಾವಣೆಯ ಮನೆಯಲ್ಲೇ ಉಳಿದ. ಕ್ಯಾಷ್ ಕೌಂಟರಿನಲ್ಲಿ ಕೂತವನಿಗೆ ಬೆರಳು ಬಲು ಚುರುಕು. ಅವನು ಕಟ್ಟಿದ ನೋಟಿನ ಕಟ್ಟು ಎಸೆದರೂ ಬಿಚ್ಚುತ್ತಿರಲಿಲ್ಲವಂತೆ. ಡಬ್ಬದೊಳಗಿನ ಕೊಕ್ಕೆಗಳೂ ಹಾಗೇ ಇದ್ದವು. ಹತ್ತು ಹತ್ತರ ಕಟ್ಟು, ಪ್ರತಿ ಕಟ್ಟಿಗೂ ಒಂದು ಕಾಗದದ ಪಟ್ಟಿ, ಪಟ್ಟಿಯ ಮೇಲೆ ನಂಬರು, ಕೆಳಗೆ ಅವನ ಪುಟ್ಟ ಸಹಿ. ಆ ಸಹಿ ಕಂಡೇ ಅವಳು ಡಬ್ಬ ಹಿಡಿದು ಅವನ ಮುಂದೆ ಬಂದಿದ್ದಳು.

ಅವಳು ಬೀರುವಿನ ಮೇಲೆ ಕೈ ಹಾಕಿದ್ದು ಹೊಸ ಸೋಸುಬಟ್ಟೆ ಹುಡುಕುವುದಕ್ಕೆ; ಬಟ್ಟೆಯ ಪಕ್ಕದಲ್ಲೇ ಈ ಡಬ್ಬ ಸಿಕ್ಕಿತ್ತು. ದಶಲಕ್ಷಣ ಪರ್ವದ ಕೊನೆಯ ದಿನ ಅದು, ಅನಂತ ನೋಂಪಿಯ ಉಪವಾಸ. ಬೆಳಗಿನಿಂದ ನೀರು ಕೂಡ ಮುಟ್ಟಿರಲಿಲ್ಲ. ಮಾರನೆಯ ಬೆಳಿಗ್ಗೆ ಪಾರಣೆಗೆ ಮೊದಲ ಗುಟುಕು ನೀರನ್ನು ಭರತೇಶನೇ ಅವಳ ಅಂಗೈಗೆ ಹಾಕಬೇಕು. ಅವಳು ಈ ನೋಂಪಿ ಹಿಡಿದ ಮೂವತ್ತೊಂದು ವರ್ಷವೂ ಹಾಗೇ ನಡೆದು ಬಂದಿತ್ತು. ಈ ಕೈಯಿಂದ ನಾಳೆ ಹೇಗೆ ಕುಡಿಯಲಿ?

“ಅನಂತನ ದಿನ ರೀ ಇವತ್ತು!” ಎಂದಳು. “ಮಾಡೋದೂ ಪಾಪ, ಮಾಡ್ಸೋದೂ ಪಾಪ, ಮಾಡಿದ್ದಕ್ಕೆ ಹೌದು ಅಂದ್ರೂ ಪಾಪ ಅಂತ ಪ್ರವಚನದಲ್ಲಿ ನನ್ನ ಪಕ್ಕ ಕೂತು ತಾನೆ ಕೇಳಿಸ್ಕೊಂಡಿದ್ದು? ಎಲ್ಲಿಂದ ತಂದ್ರಿ ಇವನ್ನ?”

“ವಿಶಾಖಪಟ್ಟಣದಿಂದ. ಇಲ್ಲಿ ಅಂಗಡೀಲಿ ಬರೀ ಸಣ್ಣವೇ ಸಿಗ್ತವೆ.”

“ಹೋದ ತಿಂಗಳು ಪಿಂಚಣಿ ಕಾಗದ ಅಂತ ಬೆಳಗಿನ ರೈಲು ಹತ್ತಿ ಹೋದ್ರಲ್ಲ, ಚಪಾತಿ ಕಟ್ಟಿಕೊಟ್ಟೆನಲ್ಲ!”

“ಅವತ್ತೇ.”

ಮರುದೇವಿ ಈಗ ತಾನಾಗಿಯೇ ಕೂತಳು. “ಯಾರಿಗೆ ಕಟ್ಟಿಕೊಡ್ತೀರಿ?”

“ಬಾಬ್ಜಿ ಅಂತ. ಇಲ್ಲೇ ನಮ್ಮ ಬಂದರು ಕಾಲುವೆ ಹತ್ರ ಗಾಳ ಹಾಕ್ತಾನೆ. ಮೀನು ಹಿಡಿದು ಒಂದು ಮೆಸ್ಸಿಗೆ ಕೊಡೋದೇ ಅವನ ಜೀವನ. ದೊಡ್ಡ ಕೊಕ್ಕೆ ಕಟ್ಟಿಕೊಟ್ರೆ ಬೈತಾನೆ. ‘ಸಾರ್‌ಗಾರೂ, ನೀವು ನನ್ನ ಕಡೆಯೋ ಮೀನಿನ ಕಡೆಯೋ ಚೆಪ್ಪಂಡಿ, ಹೇಳಿಬಿಡಿ’ ಅಂತಾನೆ.”

ಅವಳು ನಗಲಿಲ್ಲ. “ಅವನ ಕೈಗೇನಾಗಿದೆ? ಅವನೇ ಕಟ್ಕೊಳ್ಳೋಕಾಗಲ್ವ?”

ಭರತೇಶ ಅಂಗಿಯ ಮೇಲಿನ ಎರಡು ಗುಂಡಿ ಬಿಚ್ಚಿ ಎಡಭುಜ ತೋರಿಸಿದ. ಆ ಗುರುತು ಅವಳಿಗೆ ಗೊತ್ತಿತ್ತು. ಎರಡು ವರ್ಷದ ಹಿಂದೆ ಶಾಲೆಯ ಕಾಂಪೌಂಡಿನ ಮುಳ್ಳುತಂತಿ ಗೀರಿತೆಂದು ಬಂದಿದ್ದ. ಹತ್ತು ದಿನ ಅರಿಸಿನ ಹಚ್ಚಿದವಳು ಅವಳೇ.

“ತಂತಿ ಅಲ್ಲ. ಕೊಕ್ಕೆ,” ಎಂದ.

ದಿನಾ ಬೆಳಿಗ್ಗೆ ಮರುದೇವಿ ನಲ್ಲಿ ನೀರನ್ನು ಬಟ್ಟೆಯಲ್ಲಿ ಸೋಸುವಳು. ಬಟ್ಟೆಯಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳು ಬಂದ ನೀರಿಗೇ ಹೋಗಬೇಕು. ಬಟ್ಟೆಯನ್ನು ಮಗುಚಿ ತೊಳೆದ ನೀರನ್ನು ಪುಟ್ಟ ಕ್ಯಾನಿನಲ್ಲಿ ತುಂಬಿ ಕೊಟ್ಟರೆ, ಭರತೇಶ ವಾಕಿಂಗಿಗೆ ಹೋದಾಗ ಕಾಲುವೆಗೆ ಸುರಿದು ಬರುವನು. ನಲ್ಲಿಯಲ್ಲಿ ಬರುವುದೂ ಕೃಷ್ಣೆ, ಕಾಲುವೆಯಲ್ಲಿ ಹರಿಯುವುದೂ ಕೃಷ್ಣೆ. ಈ ಪದ್ಧತಿ ಹಾಕಿದ್ದೇ ಅವಳು.

“ಅವತ್ತು ಕಾಲುವೆ ತುಂಬಿತ್ತು. ಕೊನೇ ಮೆಟ್ಟಿಲಲ್ಲಿ ನಿಂತು ಸುರೀತಿದ್ದೆ. ಪಾಚಿ. ಜಾರಿಬಿಟ್ಟೆ. ಈಜು ಬರಲ್ಲ ಅಂತ ನಿನಗೆ ಗೊತ್ತು. ಬಾಬ್ಜಿ ಕೆಳಗಡೆ ಗಾಳ ಹಾಕ್ಕೊಂಡು ಕೂತಿದ್ದ. ಅವನು ಹಾರಿ ಬರೋಷ್ಟರಲ್ಲಿ ನಾನು ಸೇತುವೆ ಕೆಳಗೆ ಹೋಗಿರ್ತಿದ್ದೆ. ಕೈಲಿದ್ದ ದಾರ ಬೀಸಿ ಎಸೆದ. ಅಂಗಿ ಸಮೇತ ಭುಜಕ್ಕೆ ಕಚ್ಚಿಕೊಳ್ತು. ದೊಡ್ಡ ಕೊಕ್ಕೆ, ಅದಕ್ಕೇ ನೆಟ್ಟಗಾಗಲಿಲ್ಲ. ಮೀನು ಎಳೆಯೋ ಹಾಗೇ ನನ್ನ ದಡಕ್ಕೆ ಎಳೆದ. ದಾರ ಅವನ ಕೈಗೆ ಸುತ್ತಿಕೊಂಡಿತ್ತು. ಬಿಟ್ರೆ ನಾನು ಹೋಗ್ತಿದ್ದೆ. ಬಿಡಲಿಲ್ಲ. ಎರಡು ಬೆರಳಿನ ನರ ಕತ್ತರಿಸಿ ಹೋಯ್ತು. ಇವತ್ತಿಗೂ ಅವು ಮಡಚಲ್ಲ.”

ಗಂಡ ಸತ್ತು ಬದುಕಿದ್ದ. ಆ ದಿನ ಅವಳು ಮನೆಯಲ್ಲಿ ಹೆಸರುಬೇಳೆ ಆರಿಸುತ್ತಾ, ಇವತ್ತು ಯಾಕೋ ತಡವಾಯಿತಲ್ಲ ಎಂದುಕೊಂಡಿದ್ದಳು. ಕಳಿಸಿದ್ದು ತಾನು. ಕ್ಯಾನು ಕೈಗೆ ಕೊಟ್ಟವಳು ತಾನು.

“ಹೇಳಬಾರದಾಗಿತ್ತೇನ್ರೀ?”

“ಹೇಳಿದ್ರೆ ನೀರು ಸೋಸೋದೇ ಪಾಪ ಆಯ್ತು ಅಂತ ನೀನು ಕೊರಗ್ತಿದ್ದೆ. ಕೊಕ್ಕೆ ಕೀಳುವಾಗ ಆ ಮರಿಮುಳ್ಳು ಮಾಂಸ ಹರೀತು ಮರುದೇವಿ. ಅದು ಮರೆತುಹೋಗಲ್ಲ. ಕಟ್ಟಿಕೊಡದೆ ಇರೋಕಾಗಲ್ಲ, ಮುಳ್ಳು ಒತ್ತದೆ ಕಟ್ಟೋಕೂ ಆಗಲ್ಲ.”

ಡಬ್ಬ ಅಂದೆಲ್ಲ ಹಜಾರದ ನಡುವೆಯೇ ಇತ್ತು. ಇಬ್ಬರೂ ಸುತ್ತಿಕೊಂಡು ಓಡಾಡಿದರು.

ಮಾರನೆಯ ಬೆಳಿಗ್ಗೆ ಅವಳು ಪೂಜೆ ಮುಗಿಸಿ ಬಂದಾಗ ಭರತೇಶ ಬೆಚ್ಚನೆಯ ನೀರಿನ ತಂಬಿಗೆಯನ್ನು ಅಡುಗೆಮನೆಯ ಹೊಸ್ತಿಲ ಹತ್ತಿರ ಇಟ್ಟು ದೂರ ನಿಂತಿದ್ದ. “ಈ ಸಲ ನೀನೇ ತಗೊಂಡುಬಿಡು,” ಎಂದ. ಕೈ ಹಿಂದೆ ಕಟ್ಟಿಕೊಂಡಿದ್ದ.

ಮರುದೇವಿ ತಂಬಿಗೆಯನ್ನು ನೋಡಿದಳು. ತುಟಿ ಬಿರಿದಿತ್ತು. “ನಾನು ಹೌದು ಅನ್ನಲ್ಲ,” ಎಂದಳು. “ಬೇಡ ಅನ್ನೋಕೂ ನನಗೆ ಬಾಯಿಲ್ಲ. ಆ ಡಬ್ಬ ಮಾತ್ರ ಸೋಸುಬಟ್ಟೆ ಪಕ್ಕ ಇರಕೂಡದು. ಚಪ್ಪಲಿ ಗೂಡಲ್ಲಿಡಿ.”

“ಆಯ್ತು.”

“ನಿಂತೇ ಇದೀರಲ್ಲ? ಮುಖ ತೊಳೆಯೋಕೆ ಇಟ್ಟಿರೋ ನೀರೇನು ಅದು?”

ಅವಳು ಅಂಗೈ ಚಾಚಿದಳು. ಭರತೇಶ ತಂಬಿಗೆ ಎತ್ತಿ ಬಗ್ಗಿಸಿದ; ಅರ್ಧ ನೀರು ನೆಲಕ್ಕೆ ಚೆಲ್ಲಿತು. ಉಳಿದದ್ದನ್ನು ಅವಳು ಕುಡಿದಳು.

ಆಮೇಲೆ ಒಂದು ಮಾರು ಹಗ್ಗ ಹುಡುಕಿ ತಂದು ಕ್ಯಾನಿನ ಹಿಡಿಗೆ ಕಟ್ಟತೊಡಗಿದಳು. “ಇನ್ನು ಮೇಲೆ ಕೊನೇ ಮೆಟ್ಟಿಲಿಗೆ ಇಳೀಬೇಡಿ. ಮೇಲಿಂದಲೇ ಇಳಿಬಿಟ್ಟು ಮಗುಚಿ.” ಗಂಟು ಎರಡು ಸಲ ಜಾರಿತು. ಭರತೇಶ ಹಗ್ಗ ತೆಗೆದುಕೊಂಡು ಐದು ಸುತ್ತು ಹಾಕಿ ಬಿಗಿದ. ಅವಳು ಎಳೆದು ನೋಡಿದಳು. ಬಿಚ್ಚಲಿಲ್ಲ. ಯಾವ ಗಂಟು ಅದು ಎಂದು ಅವಳು ಕೇಳಲಿಲ್ಲ.

ಹೊಸ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಬಿಂದಿಗೆಯ ಬಾಯಿಗೆ ಹಾಸಿದಳು. ನಲ್ಲಿ ತಿರುಗಿಸಿದಳು. ನೀರು ಸಣ್ಣಗೆ ಸೋಸಿ ಇಳಿಯತೊಡಗಿತು.