ತೊಳೆಯದೆ ಸತ್ತಿತೆನ್ನಲಾದ ಮೋಟಾರು

“ತಂಗಡಗಿಯ ದೋಣಿ ಮೋಟಾರನ್ನು ಕೊಂದವನು ಇಮಾಮಸಾಬ. ಒಂದು ದಿನವೂ ಅದನ್ನು ತೊಳೆಯಲಿಲ್ಲ. ಒಳಗೆಲ್ಲ ಹೊಲಸು ಕಟ್ಟಿ ಸತ್ತಿತು.”

ಮುದ್ದೇಬಿಹಾಳದಿಂದ ಬಾಗೇವಾಡಿಯವರೆಗೆ ಯಾರನ್ನು ಕೇಳಿದರೂ ಇದೇ ಉತ್ತರ. ಆ ಮೋಟಾರನ್ನು ಕಣ್ಣಿನಿಂದ ಕಾಣದ ಗೊಳಸಂಗಿಯವರಂತೂ ಅದು ಸಾಯುವಾಗ ಎಷ್ಟು ಸಲ ಕೆಮ್ಮಿತೆಂಬುದನ್ನೂ ಬಲ್ಲರು!

ಕಳೆದ ಗುರುವಾರ ಮುದ್ದೇಬಿಹಾಳದ ಚಹಾದಂಗಡಿಯಲ್ಲಿ ಈ ಕಥೆ ಮತ್ತೆ ಹೊರಟಿತು. ಕಾರಣವಿತ್ತು. ತಂಗಡಗಿಯ ನಾವು ನಾಲ್ಕು ಜನ ಸೇರಿ ಹೊಳೆ ದಾಟಿಸುವ ನಾವೆಗೆ ಎರಡನೆಯ ಮೋಟಾರು ತರಿಸುತ್ತಿದ್ದೇವೆ. ಅದನ್ನು ನಡೆಸುವವರು ಯಾರೆಂಬುದು ಬರುವ ಸೋಮವಾರದ ಸಭೆಯಲ್ಲಿ ತೀರ್ಮಾನವಾಗಬೇಕು. ಇಮಾಮಸಾಬ ತನಗೇ ಕೊಡಿರೆಂದು ಕೇಳಿದ್ದಾನೆ.

“ಅಂವಗ ಮತ್ತ ಕೊಡ್ತೀರೇನ್ರಿ? ಒಂದನ್ನ ಮಣ್ಣು ಮಾಡಿದ್ದು ಸಾಲಲಿಲ್ಲೇನು?” ಎಂದು ಅಂಗಡಿಯ ಮಲ್ಲಪ್ಪ ನನ್ನನ್ನೇ ಕೇಳಿದ.

ಹತ್ತು ಜನ ಒಂದೇ ರೀತಿ ಹೇಳಿದರೆ ನನಗೆ ಅನುಮಾನ. (ಮೂರನೆಯ ಇಯತ್ತೆಗೆ ಸಾಲೆ ಬಿಟ್ಟು, ಉಳಿದದ್ದನ್ನು ಸ್ವಂತವಾಗಿ ಓದಿಕೊಂಡವನು ನಾನು. ಅಂಥವನು ಯಾರನ್ನೂ ಸುಲಭಕ್ಕೆ ನಂಬುವುದಿಲ್ಲ.) ಬಸ್ಸಿಳಿದವನೇ ಊರಲ್ಲಿ ಆಯಿಲ್ ಎಂಜಿನ್ ರಿಪೇರಿ ಮಾಡುವ ಇಮಾಮಸಾಬನ ಅಂಗಡಿಗೆ ಹೋದೆ.

ಅರಿಯದವರಿಗೆ ಒಂದು ಮಾತು. ಈ ಮೋಟಾರು ದೋಣಿಯ ಹಿಂಬದಿಗೆ ತೂಗುಹಾಕುವಂಥದು. ಓಡುವಾಗ ಕೆಳಗಿನ ನೀರನ್ನೇ ಹೀರಿ ತನ್ನ ಹೊಟ್ಟೆಯನ್ನು ತಂಪು ಮಾಡಿಕೊಳ್ಳುತ್ತದೆ. ನಮ್ಮ ಮೊದಲನೆಯದು ಕಾರವಾರದ ಮೀನುಗಾರರು ಬಳಸಿ ಬಿಟ್ಟದ್ದು. ಸಮುದ್ರದಲ್ಲಿ ಓಡಿದರೆ ಉಪ್ಪು ಒಳಗೆ ಕೂರುತ್ತದೆ. ಆದ್ದರಿಂದ ದಡಕ್ಕೆ ಬಂದ ಮೇಲೆ ಪೀಪಾಯಿಗೆ ಸಿಹಿನೀರು ತುಂಬಿ, ಮೋಟಾರಿನ ಕಾಲನ್ನು ಅದರಲ್ಲಿಳಿಸಿ, ಸ್ವಲ್ಪ ಹೊತ್ತು ಓಡಿಸಬೇಕು. ತೊಳೆಯುವುದೆಂದರೆ ಇಷ್ಟೇ.

“ಇಮಾಮಸಾಬ, ಖರೇ ಹೇಳು. ತೊಳದಿಯೋ ಇಲ್ಲೋ?”

“ದಿನಾ ತೊಳದೇನ್ರಿ ರಾಯರ. ನಾ ಜಳಕಾ ಮಾಡೂದು ತಪ್ಪಿರಬಹುದು, ಅದಕ್ಕ ತಪ್ಪಿಸಿಲ್ಲ.”

ಮೂಲೆಯಲ್ಲಿದ್ದ ಸತ್ತ ಮೋಟಾರನ್ನು ಎಳೆದು ತಂದು ಬಿಚ್ಚಿ ತೋರಿಸಿದ. ನೀರು ಹರಿಯುವ ಸಂದಿಗಳಲ್ಲೆಲ್ಲ ಬೆಳ್ಳಗಿನ ಹಕ್ಕಳೆ, ನಮ್ಮ ಬಚ್ಚಲ ಹಂಡೆಯ ತಳದಲ್ಲಿರುವಂಥದೇ. ಕೃಷ್ಣೆಯ ಸಿಹಿನೀರಿನಲ್ಲಿ ಓಡಿದ ಯಂತ್ರಕ್ಕೆ ಇದೆಲ್ಲಿಂದ ಬಂತು?

“ಯಾವ ನೀರಿಲೆ ತೊಳದಿ?”

“ಬಾವಿ ನೀರಿಲೇರಿ.”

“ಆ ಸವುಳು ಬಾವೀದು? ದನಾ ಸುದ್ದಾ ಕುಡಿಯೂದಿಲ್ಲಲೋ ಅದನ್ನ! ಮುಂದ ಹೊಳಿ ಹರ್ಯಾಕತ್ತಿರಬೇಕಾದ್ರ ಬಾವಿ ನೀರು ಹಾಕಂತ ಯಾವ ಶಾಣ್ಯಾ ಹೇಳಿದ?”

ಇಮಾಮಸಾಬ ಕದದ ಒಳಮೈಯತ್ತ ನೋಡಿದ. ಅಲ್ಲಿ ಹೊಗೆ ಹಿಡಿದ ಕಾಗದವೊಂದು ಅಂಟಿತ್ತು. ಅಕ್ಷರಗಳು ದುಂಡಗಿದ್ದವು, ಸ್ಪಷ್ಟವಾಗಿದ್ದವು, ಬಹಳ ಪರಿಚಿತವಾಗಿದ್ದವು.

ನನ್ನವೇ.

ವರ್ಷಗಳ ಹಿಂದೆ ಮೋಟಾರಿನ ಜೊತೆ ಬಂದ ಇಂಗ್ಲಿಷ್ ಹಾಳೆಯನ್ನು, ಡಿಕ್ಷನರಿ ಹಿಡಿದು ಮೂರು ದಿನ ಕೂತು, ಕನ್ನಡಕ್ಕಿಳಿಸಿ, ಆಮೇಲೆ ಮರೆತೇಬಿಟ್ಟವನು ನಾನು. “ಸಮುದ್ರದಲ್ಲಿ ಓಡಿಸಿದ ಬಳಿಕ” ಎಂಬ ಮೊದಲ ಮಾತನ್ನು, ತಂಗಡಗಿಗೆ ಸಮುದ್ರವೆಲ್ಲಿದೆ ಎಂದು ಬಿಟ್ಟುಬಿಟ್ಟಿದ್ದೆ. ಉಳಿದದ್ದು ತೊಳೆಯುವ ಆಜ್ಞೆಯೊಂದೇ. ಆಗ ಮಳೆಗಾಲ. ಹೊಳೆ ಕೆಂಪಗೆ ರಾಡಿಯಾಗಿತ್ತು. ಬಾವಿಯ ನೀರು ಗಾಜಿನಂತೆ ತಿಳಿಯಾಗಿತ್ತು. ಕಣ್ಣಿದ್ದವನಿಗೆ ಇನ್ನೇನು ಬೇಕು?

ಅಂದು ಇಮಾಮಸಾಬ ತಡೆದಿದ್ದ. “ರಾಯರ, ಆ ನೀರಾಗ ಬ್ಯಾಳಿ ಬೇಯೂದಿಲ್ಲರಿ.”

“ಮೋಟಾರಿನಾಗ ಬ್ಯಾಳಿ ಬೇಯಿಸಾಕ ಹೊಂಟೀಯೇನು?” ಎಂದು ನಾನು ನಕ್ಕಿದ್ದೆ. ಊರೂ ನಕ್ಕಿತ್ತು. ಹಗಲೆಲ್ಲ ಸಿಹಿನೀರು ಕುಡಿದು ಸುಖವಾಗಿದ್ದ ಯಂತ್ರಕ್ಕೆ, ನಿತ್ಯ ಸಂಜೆ ಶ್ರದ್ಧೆಯಿಂದ ಉಪ್ಪುನೀರು ಕುಡಿಸಿದೆವು. (ಈ ಸುದ್ದಿ ಕಾರವಾರಕ್ಕೆ ಮುಟ್ಟದಿರಲಿ.)

“ಇಷ್ಟು ವರ್ಷ ಯಾರಿಗೂ ಯಾಕ ಹೇಳ್ಲಿಲ್ಲೋ?”

“ಊರಾಗ ಇಂಗ್ಲೀಷ ಓದಾವ್ರು ನೀವೊಬ್ರ ಅದೀರಿ. ನಿಮ್ಮ ಹೆಸರು ಕೆಟ್ರ, ತಾರು ಬಂದಾಗ ಮಂದಿ ಓದಸಾಕ ಯಾರ ಕಡೆ ಹೋಗಬೇಕ್ರಿ?”

ಸೋಮವಾರದ ಸಭೆಯಲ್ಲಿ ಈ ಬರಹವನ್ನೇ ಓದಲಿದ್ದೇನೆ. ಆದರೆ ನನ್ನ ಮಾತನ್ನೂ ನಂಬಬೇಡಿ. ಕಾಗದ ಇನ್ನೂ ಆ ಕದದ ಮೇಲಿದೆ. “ಬಾವಿಯ ನೀರೇ ಆಗತಕ್ಕದ್ದು” ಎಂಬುದರ ಕೆಳಗೆ ಎರಡು ಗೆರೆ, ಅದರ ಕೆಳಗೆ ನನ್ನ ಸಹಿ. ಯಾರು ಬೇಕಾದರೂ ಹೋಗಿ ಓದಬಹುದು.

ಓದಿದ ಮೇಲೆ ನೀವೇ ಹೇಳಿ: ಹೊಸ ಮೋಟಾರನ್ನು ಯಾರ ಕೈಗೆ ಕೊಡಬಾರದು?